ಈ ಹಾಡನ್ನು ಯಾವ ಕಪಾಟಿನಲ್ಲಿ ಇಡುವುದು?

(1/10)
ಮೊದಲ ಚಿತ್ರ ವೇಣೂರಿನ ಗೊಮ್ಮಟನದ್ದು. ಬೆಳ್ತಂಗಡಿ ತಾಲೂಕು, 1604ರಲ್ಲಿ ನಿಲ್ಲಿಸಿದ ಮೂರ್ತಿ. ಮೂರ್ತಿಯನ್ನು ನೀವೆಲ್ಲ ನೋಡಿಯೇ ಇರ್ತೀರಿ. ಇವತ್ತಿನ ಸರಣಿ ಇದಕ್ಕೆ ಅಂಟಿಕೊಂಡಿರುವ ಒಂದು ಹಾಡಿನಿಂದ ಶುರು.

ಕಲ್ಲುರ್ಟಿ–ಕಲ್ಕುಡ ಪಾಡ್ದನ ಗೊತ್ತಲ್ವಾ? ಕಾರ್ಕಳದಲ್ಲಿ ಗೊಮ್ಮಟನನ್ನು ಕೆತ್ತಿದ ಕಲ್ಕುಡ. ಇಂಥ ಮೂರ್ತಿ ಇನ್ನೆಲ್ಲೂ ಆಗಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಒಂದು ಕೈ, ಒಂದು ಕಾಲಿನಲ್ಲೇ ಅವನು ವೇಣೂರಿಗೆ ಬಂದು ಇನ್ನೊಂದು ಗೊಮ್ಮಟನನ್ನು ಕೆತ್ತಿದ ಅಂತ ಹಲವು ಪಾಠಗಳು ಹೇಳುತ್ತವೆ. ಅಣ್ಣನ ಸ್ಥಿತಿ ಕಂಡ ತಂಗಿ ಕಲ್ಲುರ್ಟಿ ಸುಮ್ಮನಿರಲಿಲ್ಲ. ಅರಸನ ಮೇಲೆ ಸೇಡು ತೀರಿಸಿದಳು. ಅಣ್ಣ ತಂಗಿ ಇಬ್ಬರೂ ದೈವಗಳಾದರು. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೆಲು, ಕೋಲ ಇವತ್ತಿಗೂ ನಡೆಯುತ್ತಾ ಬಂದಿದೆ.

ಈಗ ನೀವು ಒಂದು ಲೈಬ್ರರಿಯಲ್ಲಿ ಕೆಲಸಕ್ಕಿದ್ದೀರಿ ಅಂತಿಟ್ಟುಕೊಳ್ಳಿ. ಈ ಪಾಡ್ದನದ ಒಂದು ಪುಸ್ತಕ ಮೇಜಿಗೆ ಬಂತು. ಎಲ್ಲಿ ಇಡ್ತೀರಿ? ಶಿಲ್ಪಿಯ ಕತೆ, ಹಾಗಾದರೆ ಶಿಲ್ಪಕಲೆಯಾ? ದೈವದ ಕತೆ, ಹಾಗಾದರೆ ಧರ್ಮವಾ? ಜನಪದವಾ? ಚರಿತ್ರೆಯಾ? ಚರಿತ್ರೆಯಲ್ಲಿ ಇಟ್ಟರೆ ಒಂದು ತೊಡಕು ಉಂಟು. ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದ್ದು 1604ರದ್ದು. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತುವುದು ಹೇಗೆ ಮಾರಾಯ್ರೆ?

ಸಂಗೀತ ಅಂತ ನಿಮ್ಮಲ್ಲಿ ಎಷ್ಟು ಜನರಿಗೆ ಹೊಳೆಯಿತು? ಇದು ಹಾಡು ಅಂತ ಗೊತ್ತಿದ್ದೂ ಸಂಗೀತದ ಕಪಾಟು ನೆನಪಿಗೆ ಬರುವುದು ಕೊನೆಗೆ. ಯಾಕೆ ಹಾಗೆ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಕಡೆಯ ಹಾಡುಗಳನ್ನು ಇದುವರೆಗೆ ಯಾರು ಯಾರು ಎಲ್ಲೆಲ್ಲಿ ಇಟ್ಟರು ಅಂತ ನೋಡುತ್ತಾ ಹೋಗುವ.

(2/10)
ಚಿತ್ರ: ಲೈಬ್ರರಿ ಪುಸ್ತಕದ ಬೆನ್ನಿಗೆ ಅಂಟಿಸಿದ ನಂಬರ್ ಚೀಟಿ.

ಮೊದಲು ಕಪಾಟಿನ ಲೆಕ್ಕ ಸ್ವಲ್ಪ ಗೊತ್ತಿರಲಿ. ಶಾಲೆ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕದ ಬೆನ್ನಿಗೆ ಒಂದು ನಂಬರು ಇರ್ತದಲ್ಲ, ಅದು ಹೆಚ್ಚಿನ ಕಡೆ ಡ್ಯೂಯಿ ಪದ್ಧತಿಯದ್ದು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ್ದು. ಲೋಕದ ತಿಳಿವನ್ನೆಲ್ಲ 10 ಪಾಲು ಮಾಡಿ, ಒಂದೊಂದು ಪಾಲನ್ನು ಮತ್ತೆ 10 ಮಾಡುತ್ತಾ ಹೋಗುವ ಕ್ರಮ. ಅದರಲ್ಲಿ ಸಂಗೀತಕ್ಕೆ 780. ಜಾನಪದಕ್ಕೆ 398. ಶಿಲ್ಪಕ್ಕೆ 730. ಭಾರತದಲ್ಲಿ ಹುಟ್ಟಿದ ಧರ್ಮಗಳಿಗೆ 294. ರಂಗಭೂಮಿಗೆ 792. ಕನ್ನಡ ಸಾಹಿತ್ಯಕ್ಕೆ 894.814.

ದೊಡ್ಡ ಸಂಗೀತ ಗ್ರಂಥಾಲಯಗಳಲ್ಲಿ ಇನ್ನೂ ಒಂದು ವಿಭಾಗ ಉಂಟು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ಪದ್ಧತಿಯಲ್ಲಿ ಸ್ವರಲಿಪಿಯ ಪುಸ್ತಕಗಳಿಗೆ 'ಎಂ', ಸಂಗೀತದ ಬಗ್ಗೆ ಬರೆದ ಪುಸ್ತಕಗಳಿಗೆ 'ಎಂಎಲ್', ಸಂಗೀತ ಕಲಿಸುವ ಪುಸ್ತಕಗಳಿಗೆ 'ಎಂಟಿ'. ಅಂದರೆ ನುಡಿಸುವುದಕ್ಕೆ ಒಂದು, ಓದುವುದಕ್ಕೆ ಒಂದು, ಕಲಿಯುವುದಕ್ಕೆ ಒಂದು. ಅಲ್ಲಿಯ ಸಂಗೀತಕ್ಕೆ ಇದು ಸರಿಯಾಗಿ ಹೊಂದುತ್ತದೆ, ಯಾಕೆಂದರೆ ಅಲ್ಲಿ ರಚನೆ ಅಂದರೆ ಕಾಗದದ ಮೇಲೆ ಸ್ವರ ಬರೆದದ್ದು.

ನಮ್ಮ ಪಾಡ್ದನಕ್ಕೆ ಸ್ವರಲಿಪಿ ಇಲ್ಲ. ಯಕ್ಷಗಾನದ ಪದಕ್ಕೂ ಇಲ್ಲ. ಪುಸ್ತಕ ಬಿಡಿಸಿದರೆ ಕಾಣುವುದು ಬರೀ ಸಾಲುಗಳು. ಸಾಲು ಕಂಡವರು ಅದನ್ನು ಸಾಹಿತ್ಯ ಅನ್ನುತ್ತಾರೆ, ಕತೆ ಕಂಡವರು ಪುರಾಣ ಅನ್ನುತ್ತಾರೆ.

ಇನ್ನೊಂದು ಕಷ್ಟ. ಕಪಾಟಿನಲ್ಲಿ ಒಂದು ಪುಸ್ತಕಕ್ಕೆ ಒಂದೇ ಜಾಗ. ಒಂದು ಪ್ರತಿ ಏಕಕಾಲದಲ್ಲಿ ಎರಡು ಕಡೆ ನಿಲ್ಲಲಾರದು. ಹಾಗಾಗಿ ಇಡುವವರು ಒಂದನ್ನು ಆರಿಸಲೇಬೇಕು. ಆ ಒಂದು ಆಯ್ಕೆಯಿಂದ ಯಾರ ಕೈಗೆ ಅದು ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಅನ್ನುವುದೂ ತೀರ್ಮಾನ ಆಗಿಬಿಡುತ್ತದೆ.

(3/10)
ಚಿತ್ರ: ಮೂಡುಬಿದಿರೆಯ ಬಸದಿ ಬೀದಿ.

ಮೂಡುಬಿದಿರೆಯಲ್ಲಿ ಸಾವಿರಕಂಬದ ಬಸದಿ ಒಂದೇ ನೋಡಿ ವಾಪಸ್ ಬರುವವರೇ ಹೆಚ್ಚು. ಅದೇ ಬೀದಿಯ ಗುರುಬಸದಿಗೆ ಸಿದ್ಧಾಂತ ಬಸದಿ ಅಂತಲೂ ಹೆಸರು. ಷಟ್ಖಂಡಾಗಮಕ್ಕೆ ಬರೆದ ಧವಲಾ ಟೀಕೆಯ ಓಲೆಗರಿಗಳು ನೂರಾರು ವರ್ಷ ಉಳಿದದ್ದು ಇಲ್ಲಿ. ಅವುಗಳಲ್ಲಿ ಕೆಲವು 12ನೇ ಶತಮಾನದವು, ಬಣ್ಣದ ಚಿತ್ರಗಳೂ ಇವೆ. ಅವುಗಳನ್ನು ಇಟ್ಟದ್ದು ಓದಲಿಕ್ಕೆ ಅಂತಲ್ಲ, ದರ್ಶನಕ್ಕೆ. ಭಕ್ತರು ಬಂದು ಕೈಮುಗಿದು ಹೋಗುತ್ತಿದ್ದರು. ನಕಲು ಮಾಡುವ ಕೆಲಸ ಶುರುವಾದದ್ದು 19ನೇ ಶತಮಾನದ ಕೊನೆಗೆ, ಅಚ್ಚಿನ ಮೊದಲ ಸಂಪುಟ ಹೊರಬಂದದ್ದು 1939ರಲ್ಲಿ. ಪೂಜೆಯ ಜಾಗದಲ್ಲಿ ಇಟ್ಟದ್ದರಿಂದ ಗ್ರಂಥ ಉಳಿಯಿತು, ಅದೇ ಕಾರಣಕ್ಕೆ ಓದುಗರನ್ನು ತಲುಪಲು ಇಷ್ಟು ಕಾಲ ಹಿಡಿಯಿತು. ಎರಡೂ ನಿಜ.

ಇನ್ನು ಉಳಿದ ಓಲೆಗರಿಗಳನ್ನು ಹೇಗೆ ಇಡುತ್ತಿದ್ದರು? ಗರಿಗಳನ್ನು ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು, ಬಟ್ಟೆ ಸುತ್ತಿ ಕಟ್ಟು ಮಾಡುವುದು. ಒಂದೇ ಕಟ್ಟಿನಲ್ಲಿ ಎರಡು ಮೂರು ಕೃತಿಗಳಿರುವುದು ಸಾಮಾನ್ಯ. ಮೊದಲಿಗೆ ಸ್ತೋತ್ರ, ನಡುವೆ ವೈದ್ಯ, ಕೊನೆಗೆ ಯಾವುದೋ ಹಾಡು. ಕಟ್ಟನ್ನು ಬಿಚ್ಚಿ ಬೇರೆ ಮಾಡುವ ಹಾಗಿಲ್ಲ. ಹಾಗಾಗಿ ಕಪಾಟಿನಲ್ಲಿ ಕಟ್ಟಿಗೆ ಒಂದು ನಂಬರು ಮಾತ್ರ. ಒಳಗೆ ಏನುಂಟು ಅಂತ ಹೇಳುವ ಕೆಲಸ ಸೂಚಿಯದ್ದು.

ಆ ಸೂಚಿಯನ್ನು ಮಾಡಿದವರು ಮೂಡುಬಿದಿರೆಯ ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿ. 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' ಅಂತ ಹೆಸರು, 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟ. ಮೂಡುಬಿದಿರೆ, ಕಾರ್ಕಳದ ಕಡೆಯ ಭಂಡಾರಗಳಲ್ಲಿ ಏನೇನುಂಟು ಅಂತ ಹೊರಗಿನವರಿಗೆ ಗೊತ್ತಾದದ್ದು ಇಂಥ ಸೂಚಿಗಳಿಂದ. ಕಟ್ಟು ಬಿಚ್ಚಿ, ಎಣ್ಣೆ ಸವರಿ, ಗರಿ ಗರಿ ಓದಿ ಪಟ್ಟಿ ಮಾಡುವ ಕೆಲಸ ಎಷ್ಟು ತಾಳ್ಮೆಯದ್ದು ಅಂತ ಒಮ್ಮೆ ಯೋಚಿಸಿ ನೋಡಿ.

(4/10)
ಚಿತ್ರ: ಓಲೆಗರಿಯ ಒಂದು ಕಟ್ಟು, ಹಲಗೆ ಸಮೇತ.

ಅದೇ ಮೂಡುಬಿದಿರೆಯ ಒಬ್ಬ ಕವಿಯನ್ನು ತೆಗೆದುಕೊಳ್ಳುವ. ರತ್ನಾಕರವರ್ಣಿ, 16ನೇ ಶತಮಾನ. 'ಭರತೇಶ ವೈಭವ' ಬರೆದವನು. ಕಾಲೇಜಿನಲ್ಲಿ ಕನ್ನಡ ಓದಿದವರಿಗೆ ಇದು ಪಠ್ಯದ ಕಾವ್ಯ. ಲೈಬ್ರರಿಯಲ್ಲಿ ಹಳೆಯ ಕಾವ್ಯಗಳ ಸಾಲಿನಲ್ಲಿ ಸಿಗುತ್ತದೆ.

ಆದರೆ ಇದು ಸಾಂಗತ್ಯದಲ್ಲಿದೆ. ಸಾಂಗತ್ಯ ಅಂದರೆ ಹಾಡುವ ಛಂದಸ್ಸು. ಕಣ್ಣಿನಲ್ಲಿ ಓದಲಿಕ್ಕೆ ಅಂತ ಅದನ್ನು ಕಟ್ಟಿದ್ದಲ್ಲ. ಕಾವ್ಯದ ಒಳಗೂ ಸಂಗೀತ ತುಂಬಿಕೊಂಡಿದೆ. ಭರತನ ಆಸ್ಥಾನದಲ್ಲಿ ಗಾಯಕರು ಹಾಡುವ ಭಾಗ ಬರುತ್ತದೆ. ನಾಟ್ಯಕ್ಕೆಂದೇ ಸಂಧಿಗಳಿವೆ. 16ನೇ ಶತಮಾನದಲ್ಲಿ ನಮ್ಮ ಕರಾವಳಿಯಲ್ಲಿ ಹಾಡು, ಕುಣಿತ ಹೇಗೆ ನಡೆಯುತ್ತಿತ್ತು ಅಂತ ಹುಡುಕುವವರು ಮೊದಲು ಬಿಡಿಸಬೇಕಾದ ಪುಸ್ತಕಗಳಲ್ಲಿ ಇದೂ ಒಂದು. ಆದರೆ ಅವರು 780ರ ಕಪಾಟಿನ ಮುಂದೆ ನಿಂತರೆ ಇದು ಕಣ್ಣಿಗೆ ಬೀಳುವುದಿಲ್ಲ.

ರತ್ನಾಕರ ಶತಕಗಳನ್ನೂ ಬರೆದ, ಅಧ್ಯಾತ್ಮದ ಹಾಡುಗಳನ್ನೂ ಬರೆದ. ಶತಕ ಧರ್ಮದ ಕಡೆ ಹೋಗುತ್ತದೆ, ಕಾವ್ಯ ಸಾಹಿತ್ಯದ ಕಡೆ, ಹಾಡು ಭಜನೆ ಪುಸ್ತಕಗಳ ಕಡೆ. ಒಬ್ಬನೇ ಮನುಷ್ಯ ಮೂರು ಕಪಾಟಿಗೆ ಹಂಚಿಹೋಗಿದ್ದಾನೆ.

ಇದಕ್ಕೆ ಲೈಬ್ರರಿಯವರನ್ನು ದೂರುವ ಹಾಗಿಲ್ಲ. ಪುಸ್ತಕದ ಮುಖಪುಟದಲ್ಲಿ ಕಾವ್ಯ ಅಂತ ಇದ್ದರೆ ಅವರು ಕಾವ್ಯದಲ್ಲೇ ಇಡಬೇಕು. ಕಪಾಟು ಒಂದನ್ನೇ ಹೇಳಬಲ್ಲದು, ಉಳಿದದ್ದನ್ನು ಸೂಚಿ ಹೇಳಬೇಕು. ಸೂಚಿಯಲ್ಲಿ 'ಸಂಗೀತ: ಇದನ್ನೂ ನೋಡಿ' ಅಂತ ಒಂದು ಸಾಲು ಸೇರಿಸಿದರೆ ಹುಡುಕುವವರ ಅರ್ಧ ದಿನ ಉಳಿಯುತ್ತದೆ. ಈ ಒಂದು ಸಾಲಿನ ಮಾತನ್ನು ನೆನಪಿಟ್ಟುಕೊಳ್ಳಿ, ಸರಣಿಯ ಕೊನೆಗೆ ಬೇಕಾಗ್ತದೆ.

(5/10)
ಚಿತ್ರ: ಮಂಗಳೂರು ಬಾಸೆಲ್ ಮಿಶನ್ ಮುದ್ರಣದ ಒಂದು ಹಳೆಯ ಪುಟ.

ಓಲೆಗರಿಯಿಂದ ಅಚ್ಚಿಗೆ ಬರುವ. ನಮ್ಮ ಹಾಡುಗಳಿಗೆ ಮೊದಲ ಅಚ್ಚಿನ ಕಪಾಟು ಸಿಕ್ಕಿದ್ದು ಮಂಗಳೂರಿನಲ್ಲಿ. 'ಮಂಗಳೂರ ಸಮಾಚಾರ' ನಡೆಸಿದ ಹರ್ಮನ್ ಮೊಗ್ಲಿಂಗ್ ಕನ್ನಡದ ಹಳೆಯ ಕೃತಿಗಳನ್ನು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಅನ್ನುವ ಮಾಲೆಯಲ್ಲಿ ಮುದ್ರಿಸಿದ. ಹೆಸರಿನ ಅರ್ಥವೇ ಕರ್ನಾಟಕದ ಗ್ರಂಥಾಲಯ ಅಂತ. 1850ರಲ್ಲಿ ದಾಸರ ಪದಗಳು ಅಚ್ಚಾದವು. ಜೈಮಿನಿ ಭಾರತದಂಥ ಕಾವ್ಯಗಳ ಪಕ್ಕದಲ್ಲೇ ತಂಬೂರಿ ಹಿಡಿದು ಹಾಡುವ ಪದಗಳಿಗೂ ಜಾಗ ಸಿಕ್ಕಿತು.

ಪಾಡ್ದನ ಬಂದದ್ದು ಆಮೇಲೆ. 1886ರಲ್ಲಿ ಎ. ಮೇನರ್ 'ಪಾಡ್ದನೊಳು' ಪ್ರಕಟಿಸಿದರು. ತುಳು ಭಾಷೆ, ಕನ್ನಡ ಅಕ್ಷರ. ಅದೇ ವರ್ಷ ಅವರ ತುಳು–ಇಂಗ್ಲಿಷ್ ನಿಘಂಟೂ ಬಂತು. ನಿಘಂಟು ಮಾಡುವವರಿಗೆ ಪಾಡ್ದನ ಅಂದರೆ ಶಬ್ದಗಳ ಕಣಜ. ಹಾಡು ಭಾಷೆಯ ಕಪಾಟಿನ ಹತ್ತಿರ ಹೋಯಿತು.

ಇನ್ನು ಬರ್ನೆಲ್. ಎ.ಸಿ. ಬರ್ನೆಲ್ ಸರ್ಕಾರಿ ಅಧಿಕಾರಿ, ಮಂಗಳೂರಿನಲ್ಲೂ ತಂಜಾವೂರಿನಲ್ಲೂ ಇದ್ದವರು. ತಂಜಾವೂರು ಅರಮನೆಯ ಸಂಸ್ಕೃತ ಹಸ್ತಪ್ರತಿಗಳಿಗೆ ವರ್ಗೀಕೃತ ಸೂಚಿ ಮಾಡಿದ ಪಂಡಿತ. ಯಾವ ಗ್ರಂಥ ಯಾವ ಶಾಸ್ತ್ರಕ್ಕೆ ಸೇರಿದ್ದು ಅಂತ ವಿಂಗಡಿಸುವುದರಲ್ಲಿ ಪಳಗಿದ ಕೈ. ಅವರು 1882ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳಲ್ಲಿದ್ದ ತುಳು ಪಾಡ್ದನಗಳು 1894ರಿಂದ 1897ರವರೆಗೆ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಬಂದವು, ಸಂಪಾದಕ ಆರ್.ಸಿ. ಟೆಂಪಲ್. ಕಲ್ಕುಡನ ಕತೆಯೂ ಅದರಲ್ಲಿದೆ. ಮಾಲೆಗೆ ಕೊಟ್ಟ ಹೆಸರು 'ದಿ ಡೆವಿಲ್ ವರ್ಶಿಪ್ ಆಫ್ ದಿ ತುಳುವಾಸ್'. ತುಳುವರ ಪಿಶಾಚಿ ಪೂಜೆ!

ಒಂದು ಕ್ಷಣ ನಿಂತು ನೋಡಿ. ಅಣ್ಣನಿಗೆ ಆದ ಅನ್ಯಾಯಕ್ಕೆ ತಂಗಿ ನ್ಯಾಯ ಕೇಳಿದ ಹಾಡು ಪಿಶಾಚಿಯ ಕಪಾಟಿಗೆ ಸೇರಿತು. ಆಮೇಲೆ ಎಷ್ಟೋ ವರ್ಷ ಹೊರಗಿನ ವಿದ್ವಾಂಸರು ತುಳು ಹಾಡು ಬೇಕಾದರೆ ಆ ತಲೆಬರಹದ ಅಡಿಯಲ್ಲೇ ಹುಡುಕಬೇಕಾಯಿತು. ಬರ್ನೆಲ್, ಟೆಂಪಲ್ ಇಲ್ಲದಿದ್ದರೆ ಆ ಪಾಠಗಳು ಉಳಿಯುತ್ತಿರಲಿಲ್ಲ ಅನ್ನುವುದನ್ನೂ ಮರೆಯಬಾರದು. ಉಳಿಸಿಕೊಟ್ಟವರೇ ಹೆಸರು ತಪ್ಪಿಸಿದ್ದೂ ಹೌದು.

(6/10)
ಚಿತ್ರ: ಬಂಟ್ವಾಳ ಪೇಟೆ, ನೇತ್ರಾವತಿಯ ಬದಿ.

ಈ ಪೇಟೆಯಲ್ಲಿ 1874ರಲ್ಲಿ ಹುಟ್ಟಿದವರು ಪಂಜೆ ಮಂಗೇಶರಾಯರು. 'ಕವಿಶಿಷ್ಯ' ಅಂತ ಕಾವ್ಯನಾಮ. ನಾಗರಹಾವಿನ ಪದ್ಯ, ತೆಂಕಣ ಗಾಳಿಯ ಪದ್ಯ ನಿಮಗೆ ಬಾಯಿಪಾಠ ಇದೆಯಾ? ಇದ್ದರೆ ಓದುವಾಗಲೇ ಒಂದು ಧಾಟಿಯೂ ಕಿವಿಗೆ ಬಂದಿರಬೇಕು. ಬರೀ ಮಾತಾಗಿ ಅದನ್ನು ಹೇಳಲಿಕ್ಕೆ ಆಗುವುದೇ ಇಲ್ಲ.

ಪಂಜೆಯವರು ಅಧ್ಯಾಪಕರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ತಿರುಗಿದವರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಶುರುಮಾಡಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ಹಾಡುಗಳು ಸೇರಿದ ಕಪಾಟು ಶಿಶುಸಾಹಿತ್ಯ. ಅದು ತಪ್ಪಲ್ಲ, ಅವರು ಬರೆದದ್ದು ಮಕ್ಕಳಿಗಾಗಿಯೇ.

ಆದರೆ ಆ ಹಾಡುಗಳ ಧಾಟಿ ಎಲ್ಲುಂಟು? ಪುಸ್ತಕದಲ್ಲಿ ಇಲ್ಲ. ಒಬ್ಬ ಟೀಚರ್ ಬಾಯಿಂದ ಮಕ್ಕಳ ಬಾಯಿಗೆ, ಆ ಮಕ್ಕಳು ದೊಡ್ಡವರಾಗಿ ಟೀಚರಾದಾಗ ಮುಂದಿನ ಮಕ್ಕಳಿಗೆ, ಹೀಗೆ ನಡೆದು ಬಂದದ್ದು. ನಿಮ್ಮ ಅಜ್ಜಿ ಹಾಡುವ ಧಾಟಿಗೂ ನೀವು ಶಾಲೆಯಲ್ಲಿ ಕಲಿತ ಧಾಟಿಗೂ ವ್ಯತ್ಯಾಸ ಇದ್ದರೆ ಎರಡನ್ನೂ ಬರೆದಿಟ್ಟ ಒಂದು ಜಾಗ ಬೇಕಲ್ವಾ?

ಇಲ್ಲಿ ಲೈಬ್ರರಿಯ ಇನ್ನೊಂದು ಮಿತಿ ಕಾಣುತ್ತದೆ. ಹಾಡಿನಲ್ಲಿ ಮಾತು ಒಂದು ಪಾಲು, ಧಾಟಿ ಒಂದು ಪಾಲು. ಅಚ್ಚಿನ ಪುಸ್ತಕ ಮಾತಿನ ಪಾಲನ್ನು ಮಾತ್ರ ಇಟ್ಟುಕೊಂಡಿತು. ಧಾಟಿಯ ಪಾಲು ಜನರಲ್ಲೇ ಉಳಿಯಿತು. ಜನರು ಹೋದರೆ ಅದೂ ಹೋಗುತ್ತದೆ.

(7/10)
ಚಿತ್ರ: ಯಕ್ಷಗಾನ ಪ್ರಸಂಗ ಪುಸ್ತಕದ ಒಂದು ಪುಟ. ಪದ್ಯದ ಮೇಲಿನ ಸಣ್ಣ ಅಕ್ಷರ ನೋಡಿ.

ಅಲ್ಲಿ ರಾಗದ ಹೆಸರು, ಅದರ ಪಕ್ಕದಲ್ಲಿ ತಾಳದ ಹೆಸರು. ಭೈರವಿ, ಝಂಪೆ. ಸೌರಾಷ್ಟ್ರ, ತ್ರಿವುಡೆ. ಹಾಡಿಗೆ ತಾಳವಿಲ್ಲದ ಕಡೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ ಅಂತ ಛಂದಸ್ಸಿನ ಹೆಸರು. ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್ ಅಚ್ಚುಹಾಕಿದ ಪ್ರಸಂಗ ಪುಸ್ತಕಗಳು ತಲೆಮಾರುಗಳ ಭಾಗವತರ ಕೈಯಲ್ಲಿ ಓಡಾಡಿದವು. ತೆಳು ಕಾಗದ, ಸಣ್ಣ ಪುಸ್ತಕ. ಎಷ್ಟೋ ಮನೆಗಳ ಅಟ್ಟದಲ್ಲಿ ಈಗಲೂ ಉಂಟು.

ಲೈಬ್ರರಿಗೆ ಈ ಪುಸ್ತಕ ಬಂದರೆ? ಕವಿ ಬರೆದದ್ದು, ಹಾಗಾದರೆ ಕನ್ನಡ ಸಾಹಿತ್ಯ. ವೇಷ ಕಟ್ಟಿ ಕುಣಿಯುವುದು, ಹಾಗಾದರೆ ರಂಗಭೂಮಿ. ರಾಮಾಯಣದ್ದು, ಹಾಗಾದರೆ ಪುರಾಣ. ಭಾಗವತರಿಗೆ ಮಾತ್ರ ಇದು ಸಂಗೀತದ ಪುಸ್ತಕ. ಸ್ವರ ಬರೆದಿಲ್ಲ, ಸರಿ. ಆದರೆ ರಾಗ ತಾಳ ಎರಡು ಶಬ್ದ ಕಂಡರೆ ಸಾಕು, ಉಳಿದದ್ದು ಗುರುವಿನಿಂದ ಕಿವಿಗೆ ಬಂದಿರುತ್ತದೆ. ಎಲ್ಲಿ ಏರಬೇಕು, ಎಲ್ಲಿ ಚೆಂಡೆಗೆ ಬಿಡಬೇಕು, ಯಾವ ವೇಷಕ್ಕೆ ಯಾವ ಓಟ, ಎಲ್ಲ.

ಮೂಡುಬಿದಿರೆಯ ಹತ್ತಿರದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರನ್ನು ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. 1938ರಲ್ಲಿ ಹುಟ್ಟಿದವರು, ಕಟೀಲು ಮೇಳದಲ್ಲಿ ಬಹುಕಾಲ ಹಾಡಿದವರು. ಅವರ ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತ, ಅಜ್ಜನಿಂದಲೇ ಬಂದ ಹಾಡುಗಾರಿಕೆ. ಪ್ರಸಂಗದ ಮೇಲೆ ಪ್ರಸಂಗ ಅವರಿಗೆ ಕಂಠಸ್ಥ. ಐದು ರಾತ್ರಿ ಆಡುವ ದೇವಿ ಮಹಾತ್ಮೆಯನ್ನು ಸ್ವತಃ ರಚಿಸಿದರು. ಬಲಿಪ ಶೈಲಿ ಅಂತಲೇ ಹೆಸರು ನಿಂತಿತು. 2023ರ ಫೆಬ್ರವರಿಯಲ್ಲಿ ತೀರಿಕೊಂಡರು.

ಅವರ ಪ್ರಸಂಗಗಳ ಅಚ್ಚಿನ ಪುಸ್ತಕ ಸಾಹಿತ್ಯದಲ್ಲಿ ಇಡಿ, ಆಕ್ಷೇಪ ಇಲ್ಲ. ಬಲಿಪ ಶೈಲಿ ಎಲ್ಲಿ ಇಡ್ತೀರಿ? ಅದು ಇರುವುದು ಧ್ವನಿಮುದ್ರಣಗಳಲ್ಲಿ ಮತ್ತು ಅವರಿಂದ ಕಲಿತವರ ಕೊರಳಿನಲ್ಲಿ.

(8/10)
ಚಿತ್ರ: ಮಂಗಳೂರಿನ ಹಳೆಯ ಸರ್ಕಾರಿ ಕಾಲೇಜಿನ ಕಟ್ಟಡ.

ಬಂಟ್ವಾಳದಿಂದ 25 ಕಿಲೋಮೀಟರ್ ದೂರ ಇರಬಹುದು. ಸರಣಿ ಯಾಕೆ ಇಲ್ಲಿಗೆ ಬಂತು ಅಂತೀರಾ? 1917ರಲ್ಲಿ ಈ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಒಬ್ಬ ತರುಣ ಬಂದಿದ್ದರು. ಹೆಸರು ಎಸ್.ಆರ್. ರಂಗನಾಥನ್. ಹೌದು, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಅದೇ ರಂಗನಾಥನ್. ಆಗ ಅವರಿಗೆ ಲೈಬ್ರರಿಯ ಗಂಧಗಾಳಿ ಇರಲಿಲ್ಲ.

1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಕಲಿಯಲಿಕ್ಕೆ ಲಂಡನ್ನಿಗೆ ಹೋದಾಗ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ನೋಡಿದರು. ತೂತಿರುವ ಪಟ್ಟಿ, ನಟ್ಟು, ಬೋಲ್ಟು. ಅವೇ ತುಂಡುಗಳನ್ನು ಬೇರೆ ಬೇರೆಯಾಗಿ ಜೋಡಿಸಿದರೆ ಬೇರೆ ಬೇರೆ ಗೊಂಬೆ. ವಿಷಯಗಳನ್ನೂ ಹೀಗೇ ಜೋಡಿಸಬಹುದಲ್ಲ ಅಂತ ಅವರಿಗೆ ಹೊಳೆಯಿತು. ಅದರಿಂದ ಹುಟ್ಟಿದ್ದು 1933ರ ಕೋಲನ್ ವರ್ಗೀಕರಣ. ಡ್ಯೂಯಿ ಪದ್ಧತಿಯಲ್ಲಿ ವಿಷಯಕ್ಕೆ ಮೊದಲೇ ಕೊಟ್ಟ ಒಂದು ಪೆಟ್ಟಿಗೆ. ರಂಗನಾಥನ್ ಪದ್ಧತಿಯಲ್ಲಿ ವಿಷಯದ ಮುಖಗಳನ್ನು ಒಂದೊಂದಾಗಿ ಬರೆದು ನಡುವೆ ಚಿಹ್ನೆ ಹಾಕಿ ಕೂಡಿಸುವುದು. ಅದರಲ್ಲಿ ಸಂಗೀತದ ಗುರುತು 'ಎನ್‌ಆರ್'. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಒಂದು ತರಬೇತಿ–ಸಂಶೋಧನಾ ಕೇಂದ್ರ ಶುರುಮಾಡಿದರು.

ಈಗ ಹಿಂದಿನ ಚಿತ್ರಕ್ಕೆ ಒಮ್ಮೆ ಹೋಗಿ ಬನ್ನಿ. ಪ್ರಸಂಗ ಪುಸ್ತಕದ ಪುಟ. ಪ್ರಸಂಗ ಯಾವುದು, ಪದ್ಯ ಎಷ್ಟನೆಯದ್ದು, ರಾಗ ಯಾವುದು, ತಾಳ ಯಾವುದು. ನಾಲ್ಕು ಮುಖ, ನಾಲ್ಕೂ ಬೇರೆ ಬೇರೆ. ತೆಂಕುತಿಟ್ಟು, ಬಡಗುತಿಟ್ಟು ಅನ್ನುವುದು ಐದನೆಯದ್ದು. ಹಾಡಿದ ಭಾಗವತರು ಆರನೆಯದ್ದು. ರಂಗನಾಥನ್ ಹೇಳಿದ ಜೋಡಣೆಗೆ ಬೇಕಾದ ತುಂಡುಗಳು ನಮ್ಮ ಪ್ರಸಂಗ ಪುಸ್ತಕದಲ್ಲಿ ಮೊದಲಿನಿಂದಲೂ ಇದ್ದವು ಅಂದ ಹಾಗಾಯ್ತು. ಝಂಪೆ ತಾಳದ ಪದ್ಯಗಳೆಲ್ಲ ಬೇಕು ಅಂತ ಒಬ್ಬ ಮದ್ದಳೆಗಾರ ಕೇಳಿದರೆ ಕೊಡಲು ಸಾಧ್ಯವಾಗಬೇಕು. ಕಪಾಟಿನಿಂದ ಅದು ಆಗದು, ಸೂಚಿಯಿಂದ ಆಗುತ್ತದೆ.

(9/10)
ಚಿತ್ರ: ಉಜಿರೆಯ ಹತ್ತಿರದ ಗದ್ದೆ, ನೇಜಿ ನೆಡುವ ಕಾಲ.

ಪಾಡ್ದನ ದೈವಸ್ಥಾನದಲ್ಲಿ ಮಾತ್ರ ಹುಟ್ಟುವುದಲ್ಲ. ಕೋಲದ ಹೊತ್ತು ತೆಂಬರೆ ಹಿಡಿದು ಹಾಡುವುದೂ ಉಂಟು, ಗದ್ದೆಯಲ್ಲಿ ಬಗ್ಗಿ ನೇಜಿ ನೆಡುತ್ತಾ ಹೆಂಗಸರು ಹಾಡುವುದೂ ಉಂಟು. ಒಬ್ಬರು ಎತ್ತಿಕೊಡುವುದು, ಉಳಿದವರು ಹಿಡಿದುಕೊಳ್ಳುವುದು. ಬಿ.ಎ. ವಿವೇಕ ರೈ 1985ರ 'ತುಳು ಜನಪದ ಸಾಹಿತ್ಯ'ದಲ್ಲಿ ಪಾಡ್ದನ, ಕಬಿತ ಅಂತ ತುಳುವರದ್ದೇ ಹೆಸರುಗಳನ್ನು ಇಟ್ಟುಕೊಂಡು ವಿಂಗಡಣೆ ಮಾಡಿದರು. ಹಾಡುವವರು ಯಾವ ಹೆಸರು ಹೇಳುತ್ತಾರೋ ಅದೇ ಕಪಾಟಿನ ಹೆಸರು. ದೊಡ್ಡ ಬದಲಾವಣೆ ಇದು.

ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಸಿರಿ ಪಾಡ್ದನದ ಹಾಡುಗಾರರು. ಸಿರಿ ಆಲಡೆಯ ಆಚರಣೆಯಲ್ಲಿ ಮುಂದೆ ನಿಲ್ಲುವವರು, ಗದ್ದೆ ಕೆಲಸದ ರೈತರು. ಫಿನ್ಲೆಂಡಿನ ಲೌರಿ ಹೊಂಕೊ, ಅನ್ನೆಲಿ ಹೊಂಕೊ, ಇಲ್ಲಿಯ ವಿವೇಕ ರೈ, ಚಿನ್ನಪ್ಪ ಗೌಡ, ಈ ನಾಲ್ವರ ತಂಡ 1990ರ ಡಿಸೆಂಬರಿನಲ್ಲಿ ಅವರ ಹಾಡನ್ನು ದಿನಗಟ್ಟಲೆ ಧ್ವನಿಮುದ್ರಿಸಿತು. ಬರೆದಾಗ ಆದದ್ದು 15,683 ಸಾಲು! 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಬಂತು, ಹಾಡನ್ನು ಪಠ್ಯ ಮಾಡುವುದು ಹೇಗೆ ಅಂತ ವಿವರಿಸುವ ಇನ್ನೊಂದು ಸಂಪುಟದ ಜೊತೆ.

ಇದೇ ಸಿರಿಯನ್ನು ನಾಯ್ಕರು ಹಿಂದೆ ಆಕಾಶವಾಣಿಗೆ ಅರ್ಧ ಗಂಟೆಯೊಳಗೆ ಹಾಡಿ ಮುಗಿಸಿದ್ದರು. ಹೇಳಿ ಬರೆಸಿದ ಪಾಠ ಒಂದಿತ್ತು, ಅದು ನಡುವಿನ ಅಳತೆಯದ್ದು. ಮೂರೂ ಸಿರಿಯೇ. ಕೇಳುವವರು ಎಷ್ಟು ಹೊತ್ತು ಕೂರುತ್ತಾರೋ ಹಾಡು ಅಷ್ಟು ಉದ್ದ. ಲೈಬ್ರರಿಯವರ ಭಾಷೆಯಲ್ಲಿ ಹೇಳಿದರೆ 'ಮೂಲ ಕೃತಿ' ಯಾವುದು? ಯಾವುದೂ ಅಲ್ಲ, ಎಲ್ಲವೂ ಹೌದು.

ಬರ್ನೆಲ್ ಕಾಲದಲ್ಲಿ ಪಿಶಾಚಿ ಪೂಜೆ ಅನ್ನಿಸಿಕೊಂಡಿದ್ದ ಪಾಡ್ದನ ನೂರು ವರ್ಷ ತುಂಬುವ ಹೊತ್ತಿಗೆ ಮಹಾಕಾವ್ಯ ಅನ್ನಿಸಿಕೊಂಡು ಫಿನ್ಲೆಂಡಿನ ಕಲೇವಾಲದ ಪಕ್ಕದ ಕಪಾಟಿಗೆ ಹೋಯಿತು. ಹೆಮ್ಮೆಯ ಮಾತೇ. ಆದರೆ ಆ ಸಂಪುಟಗಳಲ್ಲಿ ತುಳು ಇರುವುದು ರೋಮನ್ ಅಕ್ಷರದಲ್ಲಿ, ಎದುರು ಪುಟದಲ್ಲಿ ಇಂಗ್ಲಿಷ್. ಮಾಚಾರಿನ ಗದ್ದೆಯಲ್ಲಿ ಹಾಡಿಕೊಂಡು ಬಂದವರಿಗೆ ಆ ಕಪಾಟಿಗೆ ಕೈ ಎಟುಕಬೇಕಲ್ಲ?

(10/10)
ಚಿತ್ರ: ಹಳೆಯ ಆಡಿಯೋ ಕ್ಯಾಸೆಟ್‌ಗಳು, ಬೆನ್ನಿನ ಚೀಟಿ ಖಾಲಿ.

ಕೊನೆಯ ಕಪಾಟು ನಿಮ್ಮ ಮನೆಯದ್ದು.

ಧ್ವನಿ ಭಂಡಾರಗಳಲ್ಲಿ ಟೇಪು, ತಟ್ಟೆಗಳನ್ನು ವಿಷಯವಾರು ಇಡುವುದು ಕಡಿಮೆ. ಬಂದ ಕ್ರಮದಲ್ಲಿ ನಂಬರು ಕೊಟ್ಟು, ಪುಸ್ತಕದ ಹಾಗೆ ನೇರ ನಿಲ್ಲಿಸುತ್ತಾರೆ. ಒಂದರ ಮೇಲೊಂದು ಪೇರಿಸುವುದಿಲ್ಲ. ಬಿಸಿಲು, ತೇವ, ಅಯಸ್ಕಾಂತ ದೂರ. ಉಳಿದ ವಿವರ ಎಲ್ಲ ಸೂಚಿಯಲ್ಲಿ. ಮೂಡುಬಿದಿರೆಯ ಓಲೆಕಟ್ಟಿನ ಕ್ರಮ ನೆನಪಾಯಿತಲ್ಲ? ಅದೇ ಇದು. ಹೊರಗೆ ನಂಬರು, ಒಳಗಿನದ್ದು ಪಟ್ಟಿಯಲ್ಲಿ.

ಇಂಥ ಕೆಲಸ ನಮ್ಮ ಕಡೆ ನಡೆದಿದೆ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಕೇಂದ್ರ ಊರೂರಿನ ಕಲೆಗಳನ್ನು ದಾಖಲು ಮಾಡಿತು. ಬಂಟ್ವಾಳದಲ್ಲಿ ಇತಿಹಾಸದ ಪ್ರಾಧ್ಯಾಪಕ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳು ಬದುಕಿನ ವಸ್ತುಗಳೂ ಪುಸ್ತಕಗಳೂ ಒಂದೇ ಆವರಣದಲ್ಲಿ ಸಿಗುತ್ತವೆ. ಹೊರದೇಶದ ವಿದ್ವಾಂಸರು ಭಾರತದಲ್ಲಿ ಮುದ್ರಿಸಿಕೊಂಡು ಹೋದ ಸಂಗೀತದ ಪ್ರತಿಗಳನ್ನು ವಾಪಸ್ ತರಿಸುವುದಕ್ಕೆಂದೇ 1982ರಲ್ಲಿ ಶುರುವಾದ ಒಂದು ಸಂಗ್ರಹಾಲಯ ಗುರುಗ್ರಾಮದಲ್ಲಿದೆ.

ಆದರೆ ಹೆಚ್ಚಿನ ಧ್ವನಿ ಯಾವ ಸಂಸ್ಥೆಯಲ್ಲೂ ಇಲ್ಲ. ಮನೆಯ ಕಪಾಟಿನಲ್ಲಿ, ಟ್ರಂಕಿನಲ್ಲಿ, ಫೋನಿನಲ್ಲಿ ಉಂಟು. ಬೆಳಗಾಗುವವರೆಗೆ ನಡೆಯುವ ಒಂದು ಆಟ 8 ಗಂಟೆ ಅಂತ ಹಿಡಿದರೆ 60 ನಿಮಿಷದ ಕ್ಯಾಸೆಟ್ 8 ಬೇಕು. ಎಂಟರಲ್ಲಿ ಆರನೆಯದ್ದು ಒಂದೇ ಉಳಿದಿದ್ದು, ಅದರ ಮೇಲೆ ಏನೂ ಬರೆಯದಿದ್ದರೆ ಹಾಡಿದವರು ಯಾರು, ಪ್ರಸಂಗ ಯಾವುದು? ವಾಟ್ಸಾಪಿನಲ್ಲಿ ಬಂದದ್ದರ ಹೆಸರೋ, 'ಎಯುಡಿ', ಆಮೇಲೆ ತಾರೀಕು, ಆಮೇಲೆ 'ಡಬ್ಲ್ಯೂಎ' ಅಂತ ಒಂದು ನಂಬರು. ಆ ತಾರೀಕು ಹಾಡಿದ ದಿನದ್ದೂ ಅಲ್ಲ, ಫೋನಿಗೆ ಬಂದ ದಿನದ್ದು.

ಧ್ವನಿ ಕೇಳಿದ ಕೂಡಲೇ 'ಇದು ಇಂಥವರೇ' ಅಂತ ಹೇಳುವ ಅಜ್ಜ, ಅಜ್ಜಿ ನಿಮ್ಮ ಮನೆಯಲ್ಲಿ ಇವತ್ತು ಇದ್ದಾರೆ. ಹಾಗಾಗಿ ಒಂದು ಕೆಲಸ ಮಾಡಿ. ಈ ಭಾನುವಾರ ಅವರನ್ನು ಕೂರಿಸಿಕೊಂಡು ಒಂದೊಂದೇ ಕೇಳಿಸಿ, ಒಂದೊಂದಕ್ಕೂ ಆರು ಸಾಲು ಬರೆದಿಡಿ:

ಹಾಡು ಅಥವಾ ಪ್ರಸಂಗ ಯಾವುದು.
ಹಾಡಿದವರು ಯಾರು, ಹಿಮ್ಮೇಳದಲ್ಲಿ ಯಾರು.
ಯಾವ ಊರು.
ಯಾವ ಸಂದರ್ಭ: ಆಟವಾ, ಕೋಲವಾ, ಗದ್ದೆಯಾ, ಭಜನೆಯಾ.
ಯಾವ ವರ್ಷ. ಸರಿಯಾಗಿ ನೆನಪಿಲ್ಲದಿದ್ದರೆ ಇಂಥವರ ಮದುವೆಯ ವರ್ಷ ಅಂತಾದರೂ ಆಗಲಿ.
ರೆಕಾರ್ಡ್ ಮಾಡಿದ್ದು ಯಾರು.

ಕ್ಯಾಸೆಟ್ ಆದರೆ ಚೀಟಿಯಲ್ಲಿ, ಫೋನಾದರೆ ಫೈಲಿನ ಹೆಸರಿನಲ್ಲಿ ಬರೆಯಿರಿ. ಹಾಡುವವರು ಪಾಡ್ದನ ಅಂದರೆ ಪಾಡ್ದನ ಅಂತಲೇ ಬರೆಯಿರಿ, ಕಬಿತ ಅಂದರೆ ಕಬಿತ. ಹೆಸರು ನೀವು ತಿದ್ದಬೇಡಿ. ಗೊತ್ತಿಲ್ಲದ ಸಾಲು ಖಾಲಿ ಬಿಡಿ, ಊಹೆ ಮಾಡಬೇಡಿ.

ಯಾವ ಕಪಾಟು ಅನ್ನುವುದನ್ನು ಆಮೇಲೆ ಯಾರಾದರೂ ತೀರ್ಮಾನಿಸಲಿ. 780ರಲ್ಲಿ ಇಡಲಿ, 398ರಲ್ಲಿ ಇಡಲಿ. ಈ ಆರು ಸಾಲು ಜೊತೆಗಿದ್ದರೆ ಕಲ್ಲುರ್ಟಿಯ ಹಾಡು ಎಲ್ಲಿಟ್ಟರೂ ಸಿಗುತ್ತದೆ.

ಸೇವ್ ಮಾಡಿ ಇಟ್ಟುಕೊಳ್ಳಿ, ಮನೆಯ ಗ್ರೂಪಿಗೆ ಕಳಿಸಿ. ನಿಮ್ಮಲ್ಲಿ ಏನು ಸಿಕ್ಕಿತು ಅಂತ ಕೆಳಗೆ ಬರೆಯಿರಿ, ಓದ್ತೇವೆ.

#ತುಳುನಾಡು #ಪಾಡ್ದನ #ಯಕ್ಷಗಾನ #ಮೂಡುಬಿದಿರೆ #ಬಂಟ್ವಾಳ #ಬೆಳ್ತಂಗಡಿ